ಯಜಮಾನರ ಮೊಣಕೈ ಪಕ್ಕದ ಪ್ರಿಂಟರ್

ಗಂಡಸಿಗೆ ಯಾವುದು ಅನ್ನ ಹಾಕಿತೋ ಅದರ ಮೇಲೆ ಅವನಿಗೆ ಅನುಮಾನವೇ ಬರುವುದಿಲ್ಲ. ಹೆಂಡತಿಯ ಮೇಲೆ ಬರುತ್ತದೆ, ಅವಳು ಮಾಡಿದ ಸಾರಿನ ಮೇಲೆ ಬರುತ್ತದೆ, ಡಾಕ್ಟರ ಮೇಲಂತೂ ಬಂದೇ ಬರುತ್ತದೆ. ನಮ್ಮ ಯಜಮಾನರು ವಿಜಯವಾಡದಲ್ಲಿ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದವರು. ಪಾವಗಡದ ಕಡೆಯಿಂದ ಮದುವೆಯಾಗಿ ಬಂದ ನಾನು ಆ ಅಂಗಡಿಯ ಅನ್ನವನ್ನೇ ಉಂಡವಳು. ಹಾಗಾಗಿ ಆ ಮೆಷಿನ್ನನ್ನು ಬಯ್ಯುವಾಗ ನನ್ನ ನಾಲಿಗೆಯೂ ಸ್ವಲ್ಪ ತಡೆಯುತ್ತದೆ. ತಡೆದರೂ ಬಯ್ಯುತ್ತೇನೆ. ಸಂಜೆ ಮನೆಗೆ ಬಂದು ಅವರು ಸೀನಿದರೆ ಕರವಸ್ತ್ರ ಕಾಡಿಗೆ ಬಳಿದಂತಾಗುತ್ತಿತ್ತು. "ಅದೇನ್ರೀ ಅದು?" ಅಂದರೆ, "ಇವತ್ತು ವ್ಯಾಪಾರ ಚೆನ್ನಾಗಿತ್ತು ಕಣೆ" ಅನ್ನುತ್ತಿದ್ದರು. ಅವರ ಮೂಗಿನ ಕಪ್ಪು ನೋಡಿಯೇ ನಾನು ಮರುದಿನ ತರಕಾರಿಯೋ ಬರೀ ಬೇಳೆಯೋ ಎಂದು ತೀರ್ಮಾನಿಸುತ್ತಿದ್ದೆ. ಮೆಷಿನ್ನಿನೊಳಗೆ ಅಚ್ಚಿನ ಕಪ್ಪು ಪುಡಿ ಕಟ್ಟಿಕೊಂಡರೆ ಮುಚ್ಚಳ ತೆಗೆದು, ಕೆನ್ನೆ ಉಬ್ಬಿಸಿ, ಉಫ್ ಎಂದು ಊದುತ್ತಿದ್ದರು. ಆಮೇಲೆ ಹೊರಗೆ ಬಂದು ಒಳ್ಳೆ ಗಾಳಿಗೆ ಅಂತ ಬೀಡಿ ಹಚ್ಚುತ್ತಿದ್ದರು. ಈಗ ಎದೆ ಹಾಳಾದದ್ದಕ್ಕೆ ಡಾಕ್ಟರು ಬೀಡಿಯನ್ನು ದೂರುತ್ತಾರೆ. ದೂರಲಿ, ಬೀಡಿಯ ಪರವಾಗಿ ನಾನೇನೂ ವಾದ ಮಾಡುವುದಿಲ್ಲ.

ಉಸಿರು ಹಿಡಿಯತೊಡಗಿದ ಮೇಲೆ ಅಂಗಡಿ ಮುಚ್ಚಿ ವಿಶಾಖಪಟ್ಟಣಕ್ಕೆ, ಗಾಜುವಾಕದಲ್ಲಿರುವ ಮಗನ ಮನೆಗೆ ಬಂದೆವು. ಮಗ ರಘುವಿಗೆ ಪರವಾಡದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ. ಸೊಸೆ ಸ್ವಾತಿ ತೆಲುಗಿನವಳು, ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಒಳ್ಳೆಯ ಹುಡುಗಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಧೈರ್ಯವಾಗಿ ಹೊಗಳುತ್ತಿದ್ದೇನೆ. ಇಲ್ಲಿಗೆ ಬಂದ ಯಜಮಾನರು ಹಾಲಿನಲ್ಲೊಂದು ಕುರ್ಚಿ ಹಿಡಿದು ಗೋಡೆ ನೋಡುತ್ತ ಕೂತರು. ಊಟಕ್ಕೆ ಕರೆದರೆ "ಈಗಲೇ ಬೇಕಾ?" ಅನ್ನುವರು, ಮಲಗಲು ಕರೆದರೂ ಅದನ್ನೇ ಅನ್ನುವರು. ಗೋಡೆಯ ಮೇಲೆ ಕ್ಯಾಲೆಂಡರಾದರೂ ಇದ್ದಿದ್ದರೆ ಅದನ್ನೇ ನೋಡುತ್ತಿದ್ದಾರೆ ಅಂದುಕೊಳ್ಳಬಹುದಿತ್ತು. ಅದೂ ಇರಲಿಲ್ಲ.

ಹೀಗಿರುವಾಗ ಸ್ವಾತಿ ಪ್ರಶ್ನೆಪತ್ರಿಕೆ ತೆಗೆಯಲು ಒಂದು ಲೇಸರ್ ಪ್ರಿಂಟರ್ ತಂದು ತನ್ನ ಮೇಜಿನ ಮೇಲೆ, ಸರಿಯಾಗಿ ಅವರ ಕುರ್ಚಿಯ ಪಕ್ಕ ಇಟ್ಟಳು. ಎರಡನೇ ದಿನವೇ ಕಾಗದ ಸಿಕ್ಕಿಕೊಂಡಿತು. "ಮಾವಯ್ಯಾ, ಇದು ಹೊರಗೇ ಬರ್ತಾ ಇಲ್ಲ, ಸ್ವಲ್ಪ ಚೂಡಂಡಿ, ನೋಡಿ" ಅಂದಳು. ಗೋಡೆ ನೋಡುತ್ತಿದ್ದ ಮನುಷ್ಯ ತಿರುಗಿದರು. ಹಿಂದಿನ ಮುಚ್ಚಳ ತೆಗೆದು, ಎರಡು ಬೆರಳು ಹಾಕಿ, ಕಾಗದವನ್ನು ಹರಿಯದೆ ಎಳೆದು ಕೊಟ್ಟರು. ಅವತ್ತು ಎರಡನೇ ಸಲ ಅನ್ನ ಬಡಿಸಿಕೊಂಡರು. ಆಮೇಲೆ ಕುರ್ಚಿ ತಿರುಗಿಯೇ ಇತ್ತು. ಟ್ಯೂಷನ್ ಮಕ್ಕಳನ್ನು ಗದರುವುದು, ಕಾಗದ ಜೋಡಿಸುವುದು, ಬಿಸಿಬಿಸಿ ಹಾಳೆ ಮೂಗಿಗೆ ಹಿಡಿದು ವಾಸನೆ ನೋಡುವುದು. ಮೆಷಿನ್ನಿನ ಪಕ್ಕದ ಕಿಂಡಿಯಿಂದ ಬರುವ ಬಿಸಿಗಾಳಿ ನೇರ ಅವರ ಮೈಮೇಲೆ. "ಮೊಣಕೈ ನೋವಿಗೆ ಹಿತವಾಗೈತೆ ಕಣೆ" ಅಂದರು. ರಸ್ತೆಯ ಲಾರಿ ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದ್ದೆವು. ಹೊರಗಿನ ಧೂಳು ಒಳಗೆ ಬರಲಿಲ್ಲ, ಒಳಗಿನದು ಹೊರಗೆ ಹೋಗಲಿಲ್ಲ. ಯಜಮಾನರು ಕೆಮ್ಮತೊಡಗಿದರು.

ಒಂದು ಭಾನುವಾರ ರಘು ಆ ಮೆಷಿನ್ನಿನ ಪುಡಿಡಬ್ಬಿ ಬದಲಾಯಿಸಲು ಕೂತ. ಕಾರ್ಖಾನೆಯಲ್ಲಿ ಇವನು ತಲೆಯಿಂದ ಕಾಲಿನವರೆಗೆ ಕಟ್ಟಿಕೊಂಡು, ಮೂಗುಬಾಯಿ ಮುಚ್ಚಿಕೊಂಡು, ಕಣ್ಣಿಗೂ ಗಾಜು ಹಾಕಿಕೊಂಡು ಪುಡಿಯ ಹತ್ತಿರ ಹೋಗುವವನು. ಮನೆಯಲ್ಲಿ ಬನಿಯನ್ನಿನಲ್ಲಿ ಕೂತು, ಡಬ್ಬಿಯನ್ನು ಟಪಟಪ ತಟ್ಟಿ, ಅಪ್ಪನ ಹಾಗೆಯೇ ಕೆನ್ನೆ ಉಬ್ಬಿಸಿ ಊದಿದ. ಪಕ್ಕದಲ್ಲಿ ಅಪ್ಪ ಕೆಮ್ಮುತ್ತ, "ಇನ್ನೂ ಸ್ವಲ್ಪ ಜೋರಾಗಿ ಊದೋ" ಅನ್ನುತ್ತಿದ್ದರು.

"ಅಲ್ಲೋ, ಅಲ್ಲಿ ಅಷ್ಟೆಲ್ಲ ಸುತ್ಕೊಂತೀಯಲ್ಲ, ಇಲ್ಲೇನಾಯ್ತು ನಿಂಗೆ?" ಅಂದೆ.

"ಅಲ್ಲಿ ರೂಲ್ಸು ಕಣಮ್ಮ. ಇಲ್ಲಿ ಯಾರು ನೋಡ್ತಾರೆ?"

ಆ ವಾರವೇ ಆಸ್ಪತ್ರೆಗೆ ಹೋದೆವು. ಡಾಕ್ಟರು ದಾವಣಗೆರೆಯ ಹುಡುಗ, ಈ ಊರಿಗೆ ಬಂದು ಇನ್ನೂ ವರ್ಷವಾಗಿಲ್ಲ. ಕನ್ನಡ ಕೇಳಿದ ಖುಷಿಗೆ ಮಂಡಕ್ಕಿಯ ಮಾತು, ಮೆಣಸಿನಕಾಯಿಯ ಮಾತು ಎಲ್ಲ ಆಯಿತು, ಎದೆಯ ಮಾತು ಕೊನೆಗೆ ಬಂತು. ಅಷ್ಟರಲ್ಲಿ ಎದೆಯ ರಿಪೋರ್ಟು ನೋಡಿದ ಅವನ ಮುಖ ಚಿಕ್ಕದಾಗಿತ್ತು. ಹೋದ ಸಲಕ್ಕಿಂತ ಕೆಟ್ಟಿದೆ, ಒಳಗೆ ಉಳಿದಿರುವುದು ಸ್ವಲ್ಪವೇ, ಅದನ್ನು ಜೋಪಾನ ಮಾಡಬೇಕು ಅಂದ. ನಾನು ಪ್ರಿಂಟರಿನ ಕಥೆ ಹೇಳಿದೆ. ಅವನು ಸುಳ್ಳು ಹೇಳುವ ಪೈಕಿಯಲ್ಲ. "ಅದರಿಂದಾನೇ ಹಿಂಗಾಯ್ತು ಅಂತ ನಾನು ಹೇಳಂಗಿಲ್ಲ ಅಜ್ಜಿ. ಗಟ್ಟಿ ಇರೋರಿಗೆ, ಕಿಟಕಿ ತೆಗೆದಿಟ್ಟು ನಾಲ್ಕು ಹಾಳೆ ತೆಗೆದ್ರೆ ದೊಡ್ಡ ವಿಷ್ಯ ಅಲ್ಲ. ಆದ್ರೆ ಅಜ್ಜಾರ ಎದೆಗೆ ಆ ಸಣ್ಣ ಪುಡೀನೂ ಭಾರ. ದೂರ ಇಡ್ರಿ, ಗಾಳಿ ಆಡೋ ಕಡೆ ಇಡ್ರಿ. ಪುಡಿ ಚೆಲ್ಲಿದ್ರೆ ಒದ್ದೆ ಬಟ್ಟೇಲಿ ಒರೆಸ್ರಿ, ಊದಬ್ಯಾಡ್ರಿ."

"ಅದು ಆಟದ ಸಾಮಾನಿದ್ದಂಗೆ ಐತೆ ಡಾಕ್ಟ್ರೇ," ಅಂದರು ಯಜಮಾನರು. "ನಾನು ಎಂಥೆಂಥಾ ಮೆಷಿನ್ನು ನೋಡಿದೀನಿ."

"ನೋಡಿದ್ದಕ್ಕೇ ಇಲ್ಲಿ ಬಂದು ಕೂತೀರಿ ಅಜ್ಜಾರೇ."

ಮನೆಗೆ ಬಂದವಳೇ ಪ್ರಿಂಟರನ್ನು ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಹಾಕಿಸಿದೆ. ಸ್ವಾತಿಯೇ ತಂತಿ ಎಳೆದು ಕೊಟ್ಟಳು. ಕೆಮ್ಮು ಇಳಿಯಿತು. ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗಿತು. ಒಂದು ಇಡ್ಲಿ ತಿಂದು ಸಾಕು ಅನ್ನುವರು. ಸ್ವಾತಿ ಪಾಪ, "ಅತ್ತಯ್ಯಾ, ವಾಪಸ್ ತಂದಿಡ್ಲಾ?" ಅಂದಳು. ತಂದಿಟ್ಟರೆ ಉಸಿರು ಹೋಗುತ್ತದೆ, ತರದಿದ್ದರೆ ಉಸಿರಿರುವ ಮನುಷ್ಯನೇ ಹೋಗುತ್ತಾನೆ. ಹೀಗೆ ಸಾಯಿಸಲೋ ಹಾಗೆ ಸಾಯಿಸಲೋ ಎಂದು ಸೊಸೆ ಅತ್ತೆಯನ್ನು ಕೇಳುವ ಮನೆಗಳು ಕಡಿಮೆ.

ಕೊನೆಗೆ ದಾರಿ ತೋರಿಸಿದ್ದು ಆ ಹಾಳು ಮೆಷಿನ್ನೇ. ನಾನು ಬಾಲ್ಕನಿಯಲ್ಲಿ ಗೋರಿಕಾಯಿ ಮುರಿಯುತ್ತ ಕೂತಿದ್ದಾಗ ಅದು ಹಾಳೆ ಸಿಕ್ಕಿಸಿಕೊಂಡು ಕಿರ್ ಎಂದು ನಿಂತಿತು. ಸದ್ದು ಕೇಳಿದ ಯಜಮಾನರು ಹಾಲಿನಿಂದಲೇ, "ಹಿಂದಿನ ಮುಚ್ಚಳ ತೆಗಿಯೇ" ಅಂದರು. ತೆಗೆದೆ. "ಹಸಿರು ಕಡ್ಡಿ ಕೆಳಗೆ ಒತ್ತು. ಎಳೀಬ್ಯಾಡ, ಮೆಲ್ಲಗೆ. ಹರೀತಾ?" ಹರಿಯಿತು. "ನಮ್ಮ ಅಂಗಡೀಲಿದ್ದಿದ್ರೆ ನಿನ್ನ ಮೊದಲ ದಿನವೇ ಓಡಿಸ್ತಿದ್ದೆ."

"ಓಡಿಸಿ, ಪುಣ್ಯ ಬರುತ್ತೆ" ಅಂದೆ. ಕುರ್ಚಿ ತಿರುಗಿತ್ತು.

ಅಂದಿನಿಂದ ಅಂಗಡಿ ಹೀಗೇ ನಡೆದಿದೆ. ನಾಲ್ಕನೇ ಕ್ಲಾಸು ಓದಿದ ನಾನು ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ ತೆಗೆಯುತ್ತೇನೆ, ಯಜಮಾನರು ಹಾಲಿನಲ್ಲಿ ಕೂತು ಬಯ್ಯುತ್ತಾರೆ. ಬಯ್ಯುವುದಕ್ಕೆ ಉಸಿರು ಬೇಕು, ಉಸಿರಿಗೆ ಅನ್ನ ಬೇಕು, ಅದಕ್ಕೆ ಉಣ್ಣುತ್ತಾರೆ. ಹೋದ ತಿಂಗಳು ಆಸ್ಪತ್ರೆಗೆ ಹೋದಾಗ ಡಾಕ್ಟರು, ವಾಸಿಯಾಗಿಲ್ಲ, ಆಗುವುದೂ ಇಲ್ಲ, ಆದರೆ ಇದ್ದಷ್ಟೇ ಇದೆ ಅಂದ. ನಮ್ಮ ವಯಸ್ಸಿನಲ್ಲಿ ಅದು ಹಬ್ಬದ ಸುದ್ದಿ. ಔಷಧಿ ಬರೆಯುತ್ತ ಕೇಳಿದ, "ಆ ಪ್ರಿಂಟರ್ ಹತ್ರ ಈಗ ಯಾರಿರ್ತಾರೆ ಅಜ್ಜಿ?"

"ಯಾರೂ ಇಲ್ಲಪ್ಪ, ನಾನೇ" ಅಂದೆ.

ಬರೆಯುವುದನ್ನು ನಿಲ್ಲಿಸಿ ಅವನು ನನ್ನ ಮುಖ ನೋಡಿದ. ಆಗಲೇ ನನ್ನ ಮಾತು ನನಗೂ ಕೇಳಿಸಿದ್ದು. "ನಿಮ್ಮ ಎದೆ ಯಾರಾದ್ರೂ ನೋಡ್ಯಾರೇನು?" ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು, "ಅವಳಿಗೇನೂ ಆಗಲ್ಲ ಬಿಡಿ ಡಾಕ್ಟ್ರೇ, ಕಲ್ಲು ಇದ್ದಂಗವ್ಳೆ" ಅಂದರು. ನಾನೂ ಹೌದೌದು ಎಂದು ತಲೆಯಾಡಿಸಿ, ಚಪ್ಪಲಿ ಹುಡುಕತೊಡಗಿದೆ.