ಗೆದ್ದರೆ ತಮ್ಮ ಶಿಷ್ಯೆ, ಬಿದ್ದರೆ ನಮ್ಮ ಹುಡುಗಿ

ಮಾನ್ಯ ತರಬೇತುದಾರರ ಸನ್ನಿಧಾನಕ್ಕೆ, ಮಂಜುಗಡ್ಡೆಯ ಕ್ರೀಡಾಂಗಣದ ಎದುರಿನ ಕ್ಷೌರದಂಗಡಿಯವನು ಕತ್ತರಿಯನ್ನು ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ನನ್ನನ್ನು ಬಲ್ಲಿರೋ ಇಲ್ಲವೋ ತಿಳಿಯದು. ತಮ್ಮ ಬಳಿ ಫಿಗರ್ ಸ್ಕೇಟಿಂಗ್ ಕಲಿಯುತ್ತಿರುವ, ಊರೆಲ್ಲ ಬುಗುರಿ ಎಂದೇ ಕರೆಯುವ ಹುಡುಗಿ ನನ್ನ ತಂಗಿಯ ಮಗಳು. ಅವಳ ಅಭಿಮಾನಿ ಸಂಘದ ಕಚೇರಿಯೆಂದರೆ ನನ್ನ ಅಂಗಡಿಯ ಉದ್ದನೆಯ ಬೆಂಚು. ಅಧ್ಯಕ್ಷ ನಾನೇ, ಏಕೆಂದರೆ ಬೆಂಚು ನನ್ನದು. ಆ ಅಧಿಕಾರದಿಂದ ಈ ಪತ್ರ ಬರೆದು ಒಂದು ಪ್ರತಿಯನ್ನು ಅಂಗಡಿಯ ಕನ್ನಡಿಯ ಪಕ್ಕ ಅಂಟಿಸುತ್ತಿದ್ದೇನೆ. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತವರು ಬೇರೇನೂ ಮಾಡಲಾಗದೆ ಓದುತ್ತಾರೆ.

ಮೊದಲಿಗೆ ತಮ್ಮನ್ನು ಅಭಿನಂದಿಸಬೇಕು. ಕಳೆದ ವರ್ಷದ ಪಂದ್ಯದಲ್ಲಿ ಬುಗುರಿ ಗೆದ್ದಾಗ, ಅಂಕಗಳಿಗಾಗಿ ಕಾಯುವ ಆ ಪುಟ್ಟ ಸೋಫಾದ ಮೇಲೆ ತಾವು ಅವಳಿಗೆ ಬಂದ ಹೂಗುಚ್ಛವನ್ನು ಎದೆಗವಚಿಕೊಂಡು ಅತ್ತ ಪರಿಯನ್ನು ಕಂಡು, ಅಷ್ಟು ಹೊತ್ತು ನೆಗೆದವರು ತಾವೇ ಇರಬೇಕೆಂದು ನನಗೂ ಒಂದು ಗಳಿಗೆ ಅನ್ನಿಸಿತು. "ಈ ಹುಡುಗಿ ಮಣ್ಣಿನ ಮುದ್ದೆ ಥರ ಬಂದಿದ್ಲು, ಮೂರ್ತಿ ಮಾಡಿದ್ದು ಈ ಕೈ" ಎಂದು ತಾವು ಮೈಕಿಗೆ ಅಪ್ಪಣೆ ಕೊಡಿಸಿದಿರಿ. ಮರುದಿನದ ಪತ್ರಿಕೆಯ ಚಿತ್ರದಲ್ಲಿ ಆ ಕೈ, ತಮ್ಮ ಮುಖ, ಹೂವು ಎಲ್ಲವೂ ಇದ್ದವು. ಬುಗುರಿಯದು ಒಂದು ಮೊಣಕೈ ಮಾತ್ರ ಸಿಕ್ಕಿತ್ತು. ನನ್ನ ತಂಗಿ ಆ ಚಿತ್ರಕ್ಕೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಬಂದ ನೆಂಟರಿಗೆಲ್ಲ "ಆ ಮೊಣಕೈ ನಮ್ಮ ಮಗಳದು" ಎಂದು ತೋರಿಸುತ್ತಾಳೆ. ಅವಳ ಅತ್ತಿಗೆಯೊಬ್ಬರು ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿ, ಥೇಟ್ ತಾಯಿಯದೇ ಮೊಣಕೈ ಬಂದಿದೆ ಎಂದು ಮೆಚ್ಚಿದರು.

ಅಂದಿನಿಂದ ನಮ್ಮ ಸಂಘ ಎರಡು ಹೋಳಾಯಿತು. ನಿವೃತ್ತ ಮೇಷ್ಟ್ರು ತಮ್ಮ ಪಕ್ಷ, ಬಸ್ ಡ್ರೈವರು ಹುಡುಗಿಯ ಪಕ್ಷ. ಒಂದು ಬೆಳಿಗ್ಗೆ ಮೇಷ್ಟ್ರು ನನ್ನ ಕುರ್ಚಿಯಲ್ಲಿ ಕೂತು, "ಕಲಿಸೋರಿಲ್ದೆ ಯಾರಾದ್ರೂ ತಾವಾಗೇ ಕಲೀತಾರೇನ್ರೀ?" ಎಂದರು. ಬೆಂಚಿನಿಂದ ಡ್ರೈವರು, "ಹಾಗಾದ್ರೆ ನಿಮ್ಮ ಕ್ಲಾಸಲ್ಲಿ ಫೇಲಾದೋರೂ ನಿಮ್ಮ ಲೆಕ್ಕಕ್ಕೇ ಬರ್ತಾರಾ ಮೇಷ್ಟ್ರೇ?" ಎಂದು ಕೇಳಿಬಿಟ್ಟ. ಮೇಷ್ಟ್ರು ಎಡಗೆನ್ನೆ ನುಣ್ಣಗೆ, ಬಲಗೆನ್ನೆ ಸೋಪು ಸಮೇತ ಎದ್ದು ಹೊರಟುಹೋದರು. ಉಳಿದರ್ಧವನ್ನು ಆಚೆ ಬೀದಿಯ ಅಂಗಡಿಯಲ್ಲಿ ಮುಗಿಸಿಕೊಂಡರೆಂದು ಆಮೇಲೆ ತಿಳಿಯಿತು. ಆ ಮುಖದ ಕೀರ್ತಿ ಯಾರಿಗೆ ಸಲ್ಲಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಅದರ ಮುಂದಿನ ಪಂದ್ಯದಲ್ಲಿ ಬುಗುರಿ ಮೂರು ಸುತ್ತಿನ ನೆಗೆತದಲ್ಲಿ ಎರಡು ಸಲ ಬಿದ್ದಳು. ಆ ದಿನ ತಾವು ತೋರಿದ ಚಾಕಚಕ್ಯತೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಅವಳು ಬಂದು ಸೋಫಾದಲ್ಲಿ ಕೂತೊಡನೆ ತಾವು ಇನ್ನೊಂದು ತುದಿಗೆ ಸರಿದಿರಲ್ಲ, ಕಾಲಿಗೆ ಸ್ಕೇಟಿನ ಅಲಗಿಲ್ಲದೆ, ಕೆಳಗೆ ಮಂಜುಗಡ್ಡೆಯಿಲ್ಲದೆ ಅಷ್ಟು ನಯವಾಗಿ ಜಾರಿದವರು ಅಂದಿನ ಸ್ಪರ್ಧೆಯಲ್ಲಿ ಮತ್ತೊಬ್ಬರಿರಲಿಲ್ಲ. ತೀರ್ಪುಗಾರರು ಅದಕ್ಕೆ ಅಂಕ ಕೊಡದಿದ್ದುದು ಅನ್ಯಾಯ. "ನಾನು ಹೇಳಿಕೊಟ್ಟಿದ್ದೇ ಬೇರೆ, ಅವಳು ಮಾಡಿದ್ದೇ ಬೇರೆ" ಎಂದೂ ತಾವು ಮೈಕಿಗೆ ತಿಳಿಸಿದಿರಿ.

ಮನೆಯಲ್ಲಿ ಅವಳು ಊದಿದ ಮೊಣಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು, "ಅಮ್ಮಾ, ಗೆದ್ದಿದ್ದು ಸರ್, ಬಿದ್ದಿದ್ದು ನಾನು. ಹಾಗಾದ್ರೆ ನಾನು ಯಾವತ್ತೂ ಗೆದ್ದೇ ಇಲ್ವಾ?" ಎಂದು ಕೇಳಿದಳು. ನನ್ನ ತಂಗಿ ಐಸ್ ತರುವ ನೆಪದಲ್ಲಿ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬುಗುರಿ ಶೂಗಳನ್ನು ಮಂಚದ ಕೆಳಗೆ ತಳ್ಳಿ, ಇನ್ನು ಹೋಗುವುದಿಲ್ಲ ಎಂದಳು. ಆಗಲೇ ನಾನು ಈ ಪತ್ರ ಶುರುಮಾಡಿದ್ದು. ಪದಕದಲ್ಲಿ ತಮಗೆ ಪಾಲಿರುವಂತೆ ಊತದಲ್ಲೂ ಇರಲೆಂದು, ಆ ಮೊಣಕಾಲನ್ನು ವಾರದಲ್ಲಿ ಕೆಲವು ದಿನವಾದರೂ ತಮ್ಮ ಮನೆಗೆ ಕರೆದೊಯ್ದು ನೋಡಿಕೊಳ್ಳಬೇಕಾಗಿ ವಿನಮ್ರನಾಗಿ ಬೇಡಿಕೊಳ್ಳುವವನಿದ್ದೆ.

ಅಷ್ಟರಲ್ಲಿ ತಾವು ಎಲ್ಲವನ್ನೂ ಕೆಡಿಸಿದಿರಿ. ಒಂದು ಸಂಜೆ ತಂಗಿಯ ಮನೆಯ ಗೇಟಿನ ಹೊರಗೇ ನಿಂತು, ಒಳಗೂ ಬಾರದೆ, ಕ್ಷಮೆಯನ್ನೂ ಕೇಳದೆ, "ಶೂ ಕೊಡು, ಅಲಗು ಮೊಂಡಾಗಿದೆ. ನಾನು ಆವತ್ತೇ ನೋಡಬೇಕಿತ್ತು" ಎಂದಿರಿ. ಅವಳು ಕೊಟ್ಟಳು. ಅಲಗು ಮಸೆದ ಶೂಗಳನ್ನು ಇಸಿದುಕೊಳ್ಳಲು ಮರುದಿನ ತಾನೇ ಅಂಗಣಕ್ಕೆ ಬಂದಳು. ನನ್ನ ಪತ್ರ ಅರ್ಧಕ್ಕೇ ನಿಂತಿತು.

ಇನ್ನು ಮೊನ್ನೆಯ ಪಂದ್ಯ. ಎಲ್ಲರೂ ಬುಗುರಿಯನ್ನು ನೋಡುತ್ತಿದ್ದರು. ದೂರು ಬರೆಯುವವನಾದ್ದರಿಂದ ನಾನು ತಮ್ಮನ್ನು ನೋಡುತ್ತಿದ್ದೆ. ಅವಳು ನೆಗೆತಕ್ಕೆ ಓಟ ತೆಗೆದಂತೆ ಅಂಗಣದ ಅಂಚಿನ ಅಡ್ಡಗೋಡೆಯ ಹಿಂದೆ ತಮ್ಮ ಮಂಡಿ ಬಾಗಿತು, ಕೈ ಎದೆಗೆ ಬಂತು, ಅವಳು ಹಾರಿದೊಡನೆ ತಾವೂ ಹಾರಿದಿರಿ. ಅವಳು ಓರೆಯಾಗಿ ಇಳಿದು, ತತ್ತರಿಸಿ, ಅದು ಹೇಗೋ ನಿಂತುಕೊಂಡಳು. ತಾವು ರಬ್ಬರ್ ಹಾಸಿನ ಮೇಲೆ ಅಂಗಾತ ಬಿದ್ದಿರಿ. ಅವಳು ಅಂಗಣದಿಂದ ಹೊರಬಂದಾಗಲೂ ತಾವು ಏಳಲು ಹೆಣಗುತ್ತಿದ್ದಿರಿ. ಕೈ ಕೊಟ್ಟು ಎಬ್ಬಿಸಿದಳು. ಇಬ್ಬರಿಗೂ ತಡೆಯಲಾರದ ನಗು.

ಮೊದಲ ಸ್ಥಾನ ಅವಳದೇ ಎಂದು ಅಂಕಫಲಕದಲ್ಲಿ ತೋರಿದ ಮೇಲೆ ಮೈಕಿನವಳು ಸೋಫಾದತ್ತ ಬಗ್ಗಿ, ಈ ಗೆಲುವು ಯಾರದೆಂದು ಕೇಳಿದಳು. ಬುಗುರಿ, "ಮೊದ್ಲು ಶೂ ಬಿಚ್ಚಲಾ? ಬೆರಳು ಸೆಟೆದುಹೋಗಿದೆ" ಎಂದಳು. ತಾವು ಉತ್ತರ ಕೊಡುತ್ತೀರೆಂದು ನಾನು ಕಾದೆ. ತಾವು ಸೊಂಟ ಹಿಡಿದುಕೊಂಡು ಕೆಳಗೆ ಕೂತು, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಅವಳ ಶೂಗಳ ಲೇಸು ಬಿಚ್ಚತೊಡಗಿದಿರಿ.

ಇದು ಸರಿಯೇ, ಮಾನ್ಯರೇ? ತಮ್ಮ ಮೌನದಿಂದಾಗಿ ಎರಡೂ ಪಕ್ಷದವರು ತಾವೇ ಗೆದ್ದೆವೆನ್ನುತ್ತಿದ್ದಾರೆ. ಮೇಷ್ಟ್ರು ಮರಳಿ ಬಂದು ಡ್ರೈವರನ ಪಕ್ಕದಲ್ಲೇ ಕೂತು ಜಗಳವಾಡುತ್ತಾರೆ. ದಯವಿಟ್ಟು ಇನ್ನು ಮುಂದೆ ಪೂರ್ತಿ ಕೆಟ್ಟವರಾಗಿಯೋ ಪೂರ್ತಿ ಒಳ್ಳೆಯವರಾಗಿಯೋ ಇದ್ದು, ಬರೆಯುವವರ ಕಷ್ಟವನ್ನು ಪರಿಹರಿಸಬೇಕಾಗಿ ಪ್ರಾರ್ಥನೆ.

ಕೈಯಲ್ಲಿ ಕತ್ತರಿಯಿದ್ದಾಗಲೂ ತಮ್ಮ ವಿಶ್ವಾಸಿಯೇ ಆಗಿರುವ,
ಬುಗುರಿಯ ಸೋದರಮಾವ

ಮರೆತ ಮಾತು: ತಾವು ಕೆಳಗೆ ಕೂತಾಗ ತಮ್ಮ ನೆತ್ತಿಯ ಕೂದಲಿನ ಸ್ಥಿತಿಯನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದಾರೆ. ಒಮ್ಮೆ ನನ್ನ ಅಂಗಡಿಗೆ ದಯಮಾಡಿಸಿ. ಕಟಿಂಗ್ ಚೆನ್ನಾಗಿ ಬಂದರೆ ಅದು ನನ್ನ ಕೈ. ಕೆಟ್ಟರೆ, ನಾನು ಕತ್ತರಿಸಿದ್ದೇ ಬೇರೆ, ತಮ್ಮ ತಲೆ ಮಾಡಿದ್ದೇ ಬೇರೆ.