ಡ್ರಮ್ಮಿನ ಪ್ರದಕ್ಷಿಣೆ

ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಉಬ್ಬು. ಕೂದಲೆಳೆಯನ್ನು ಸೀಳಿ, ಸೀಳಿದ್ದನ್ನು ಮತ್ತೆ ಸೀಳಿದರೂ ಅದಕ್ಕಿಂತ ದಪ್ಪವೇ ಇದ್ದೀತು, ಅಷ್ಟು ಸಣ್ಣದು. ಊಟದ ತಟ್ಟೆಯಷ್ಟಗಲದ ದಪ್ಪ ಗಾಜಿನ ನಟ್ಟನಡುವೆ ಕೂತಿತ್ತು. ಆ ಗಾಜು ದೂರದರ್ಶಕದ ಕನ್ನಡಿಯಾಗಬೇಕಿತ್ತು. ಅರಸೀಕೆರೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ ಲಕ್ಷ್ಮೀಶ, ಮಗಳು ಇಂದುವಿಗೆ ಶನಿಗ್ರಹದ ಉಂಗುರ ತೋರಿಸುತ್ತೇನೆಂದು ಮಾತು ಕೊಟ್ಟು ಅದನ್ನು ಹಿತ್ತಲಲ್ಲಿ ಉಜ್ಜಲು ಶುರುಮಾಡಿದ್ದು ದೀಪಾವಳಿಯಲ್ಲಿ. ಈಗ ಯುಗಾದಿಯೂ ಕಳೆದಿತ್ತು. ಉಬ್ಬು ಮಾತ್ರ ಮನೆಗೆ ಬಂದು ಕೂತ ಭಾವಮೈದುನನ ಹಾಗೆ ಜಪ್ಪಯ್ಯ ಅಂದರೂ ಕದಲಲಿಲ್ಲ.

ಇವತ್ತು ಅದನ್ನು ಇಳಿಸಿಯೇ ಸೈ ಎಂದುಕೊಂಡ ಲಕ್ಷ್ಮೀಶ, 'ವಿಪರೀತ ಬೆನ್ನುನೋವು, ಏಳಲಾಗುತ್ತಿಲ್ಲ' ಎಂದು ಮ್ಯಾನೇಜರ್ ಚೇತನ್‌ಕುಮಾರ್‌ಗೆ ವಾಟ್ಸಾಪ್ ಕಳಿಸಿ ಹಿತ್ತಲಿಗೆ ನಡೆದ.

ಮರಳು ತುಂಬಿದ ಹಳೇ ಎಣ್ಣೆ ಡ್ರಮ್ಮು. ಅದರ ಮೇಲೆ ಡಾಂಬರಿನಂಥದ್ದು ಮೆತ್ತಿದ ಇನ್ನೊಂದು ಗಾಜು. ಅದರ ಮೇಲೆ ಕನ್ನಡಿಯಾಗಬೇಕಾದ ಗಾಜು, ನಡುವೆ ಪಾಲಿಶ್ ಪುಡಿ ಕಲಸಿದ ಕೆಂಪು ನೀರು. ಮೇಲಿನ ಗಾಜನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ತಳ್ಳಬೇಕು, ಎಳೆಯಬೇಕು, ಚೂರು ತಿರುಗಿಸಿ ಒಂದು ಹೆಜ್ಜೆ ಪಕ್ಕಕ್ಕಿಡಬೇಕು. ಹೀಗೇ ಡ್ರಮ್ಮನ್ನು ಸುತ್ತುತ್ತಲೇ ಇರಬೇಕು. ಮಧ್ಯೆ ಒಂದು ಕಣ ಮರಳು ಸಿಕ್ಕಿದರೂ ಗೀರು ಬಿದ್ದು, ತಿಂಗಳುಗಟ್ಟಲೆಯ ಕೆಲಸ ಗೋವಿಂದ.

ಪಕ್ಕದ ತಾರಸಿಯ ಮೇಲೆ ಕೊಬ್ಬರಿ ಹರವುತ್ತಿದ್ದ ಸುವರ್ಣಮ್ಮ ಬಗ್ಗಿ ನೋಡಿದರು. "ಏನಪ್ಪಾ, ಶನಿಗೆ ಇನ್ನೂ ಎಷ್ಟು ಸುತ್ತು ಬಾಕಿ ಐತೆ?"

"ಅದು ಶನೀನ ನೋಡಕ್ಕೆ ಸುವರ್ಣಮ್ಮೋರೇ, ಸುತ್ತಕ್ಕಲ್ಲ. ಪೊರಕೆ ಆಡಿಸ್ಬೇಡಿ, ಧೂಳು ಬೀಳುತ್ತೆ!"

"ಅವನ ಕಣ್ಣಿಗೆ ಬೀಳ್ಬಾರ್ದು ಅಂತ ಜನ ಎಣ್ಣೆ ಸುರೀತಾರೆ. ನೀನು ಗಾಜಿಟ್ಕಂಡು ಹುಡುಕ್ತೀಯಲ್ಲ!"

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಂಡ ಚೇತನ್‌ಕುಮಾರ್ ಸಾಕ್ಷಾತ್ ಬಂದು ನಿಂತಿದ್ದರು.

"ಆಫೀಸಿನ ಬೀರು ಕೀ ನಿಮ್ಮ ಹತ್ರಾನೇ ಉಳಿದಿದೆ ಅಂತ ಬಂದೆ. ಏನ್ರೀ ಇದು? ಏಳಕ್ಕಾಗಲ್ಲ ಅಂದೋರು ಗಾಣದೆತ್ತಿನ ಹಂಗೆ ಸುತ್ತುತಾ ಇದ್ದೀರಿ?"

ಲಕ್ಷ್ಮೀಶ ಗಾಜು ಬಿಡದೆ ಇನ್ನೊಂದು ಹೆಜ್ಜೆ ಸುತ್ತಿದ. "ಬೆನ್ನಿಗೇ ಸಾರ್! ವ್ಯಾಯಾಮ. ಹಿಂಗೆ ತಳ್ಳಿ ತಳ್ಳಿ ಸುತ್ತಿದ್ರೆ ಹಿಡಿದಿರೋದು ಬಿಡುತ್ತೆ."

ಬೈಗುಳಕ್ಕೆ ಕಾದು ನಿಂತವನಿಗೆ ಕೇಳಿಸಿದ್ದು ಬೇರೆ. "ಹೌದೇನ್ರೀ? ನಾನೂ ಎಷ್ಟು ಡಾಕ್ಟ್ರನ್ನ ನೋಡಿದೆ! ಸರೀರಿ ಆ ಕಡೆ."

"ಸಾರ್, ಸಾರ್, ಕೈ ತೊಳ್ಕೊಳಿ! ಉಂಗುರ ತೆಗೀರಿ!"

"ಇಷ್ಟೊಂದು ಮಡೀನಾ?"

"ಮಡಿ ಇಲ್ದಿದ್ರೆ ಫಲ ಇಲ್ಲ ಸಾರ್."

ಮ್ಯಾನೇಜರು ಹೊಟ್ಟೆಯನ್ನು ಡ್ರಮ್ಮಿಗೊರಗಿಸಿ ತಳ್ಳತೊಡಗಿದರು. ಬೆನ್ನು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸುವರ್ಣಮ್ಮ ಮಂಡಿನೋವನ್ನೂ ಮರೆತು ತಾರಸಿಯಿಂದ ಇಳಿದುಬಂದರು. ಅವರಿಗೆ ಗೊತ್ತಾದ ಮೇಲೆ ಬೀದಿಗೆ ಬೇರೆ ಡಂಗುರ ಬೇಕೆ? ಮಧ್ಯಾಹ್ನದ ಹೊತ್ತಿಗೆ ಹಿತ್ತಲಲ್ಲಿ ಸಾಲು. ಸುವರ್ಣಮ್ಮ ರಾಗಿ ಬೀಸಿದ ಹಾಗೆ ಉಜ್ಜಿದರು. ಕತ್ತು ಹಿಡಿದಿದ್ದ ಲಗೇಜ್ ಆಟೋ ಚಿಕ್ಕಣ್ಣ ಸ್ಟೇರಿಂಗ್ ತಿರುವಿದ ಹಾಗೆ ತಿರುವಿದ. ಒಬ್ಬೊಬ್ಬರದೂ ಒಂದೊಂದು ವರಸೆ. "ಕೈ ತೊಳ್ಕೊಳಿ, ಬಳೆ ತೆಗೀರಿ, ಮೆಲ್ಲಗೆ, ಮೆಲ್ಲಗೆ!" ಎನ್ನುತ್ತ ಲಕ್ಷ್ಮೀಶ ಬಾಣಂತಿ ಬೆಕ್ಕಿನಂತೆ ಸುತ್ತಿದ. ಗಾಜಿನ ಜೊತೆ ಅವನ ಎದೆಯೂ ಸವೆಯುತ್ತಿತ್ತು.

ಎಲ್ಲರೂ ಕಾಫಿಗೆಂದು ಕೈಬಿಟ್ಟ ಗಳಿಗೆ ನೋಡಿ ಅವನು ಗಾಜನ್ನು ಎದೆಗವಚಿಕೊಂಡು ಒಳಗೋಡಿದ. ಕೋಣೆಯ ಬಾಗಿಲು ಹಾಕಿ ಗಾಜನ್ನು ಗೋಡೆಗೆ ನಿಲ್ಲಿಸಿ, ಒರೆಸಿ, ಪುಟ್ಟ ದೀಪ ಹಚ್ಚಿ, ಉಬ್ಬು ತಗ್ಗು ನೆರಳಾಗಿ ಕಾಣಲೆಂದು ಬ್ಲೇಡಿನ ಅಂಚನ್ನು ಗಾಜಿನಿಂದ ಮರಳುವ ಬೆಳಕಿಗೆ ಅಡ್ಡ ತಂದ. ದಿನಾ ನಡುವೆ ಕಾಣುತ್ತಿದ್ದ ಉಬ್ಬಿನ ಕಪ್ಪು ನೆರಳು ಇರಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಇಡೀ ಗಾಜಿನ ಮೇಲೆ ಬೂದು ಬೆಳಕು ಹದವಾಗಿ, ಸಮವಾಗಿ ಹರಡಿತ್ತು. ಇಷ್ಟು ದಿನ ಅವನದೊಂದೇ ಕೈ, ಅದೊಂದೇ ವರಸೆ. ಹತ್ತು ಜನರ ಹತ್ತು ವಕ್ರ ಸೇರಿ ನೆಟ್ಟಗಾಗಿಬಿಟ್ಟಿತ್ತು! ಗೀರೂ ಇಲ್ಲ. ಇನ್ನು ಒಂದು ಸುತ್ತು ಉಜ್ಜಿದರೂ ಕೆಟ್ಟಿತು.

ಕಣ್ಣೊರೆಸಿಕೊಂಡು, ಗಾಜನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಬಂದರೆ ಚಿಕ್ಕಣ್ಣನ ಆಟೋಗೆ ಡ್ರಮ್ಮು ಏರುತ್ತಿತ್ತು. ಬೆಲ್ಟು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ ಮ್ಯಾನೇಜರು ಬಗ್ಗಿ ಕಾಲ್ಬೆರಳು ಮುಟ್ಟಿ ತೋರಿಸಿದರು.

"ನೋಡ್ರೀ! ಇದನ್ನ ಮುಟ್ಟಿ ಯಾವ ಕಾಲವಾಗಿತ್ತು! ಡ್ರಮ್ಮನ್ನ ಬೇಲೂರಿಗೆ ನಮ್ಮನೆಗೆ ಒಯ್ತಿದೀನಿ. ಅತ್ತೆಯವರ ಮಂಡಿಗೂ ಆಗುತ್ತೆ. ಕೊಡಿ ಆ ಗಾಜು."

"ಸಾರ್, ಇದನ್ನ ಇನ್ನು ಉಜ್ಜಬಾರ್ದು!" ಕೆಲಸ ಹೋದರೂ ಹೋಗಲಿ ಎಂದು ಲಕ್ಷ್ಮೀಶ ಕಣ್ಣುಮುಚ್ಚಿ ನಿಜ ಹೇಳಿಯೇಬಿಟ್ಟ. "ಇದು ದೂರದರ್ಶಕದ ಕನ್ನಡಿ. ನಂಗೆ ಬೆನ್ನುನೋವೇ ಇರ್ಲಿಲ್ಲ ಸಾರ್. ಸುಳ್ಳು ಹೇಳಿ ರಜೆ ಹಾಕ್ದೆ."

ಮ್ಯಾನೇಜರು ಅವನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

"ಕೇಳಿದ್ರಾ? ಬೆಳಿಗ್ಗೆ ಏಳಕ್ಕಾಗದೆ ಬಿದ್ದಿದ್ದ ಮನುಷ್ಯ, ಈಗ ನೋವು ಇತ್ತು ಅನ್ನೋದೇ ಮರೆತೋಗಿದೆ! ಇದಕ್ಕಿಂತ ಗುಣ ಬೇಕಾ?"

"ಆಯಪ್ಪ ಮೊದ್ಲಿಂದ್ಲೂ ಹಂಗೇ ಸಾರ್," ಸುವರ್ಣಮ್ಮ ದನಿಗೂಡಿಸಿದರು. "ಮದ್ದಿನ ಗುಟ್ಟು ಯಾರಿಗೂ ತಿಳೀಬಾರ್ದು ಅಂತ ನಮ್ಮತ್ರಾನೂ ಶನಿ, ಗಿನಿ ಅಂತ ಕತೆ ಕಟ್ಕಂಡೇ ಬಂದವ್ನೆ."

ಗಾಜಿನ ಸಮೇತ ಟವೆಲು ಅವನ ಕೈಯಿಂದ ಜಾರಿ ಮ್ಯಾನೇಜರ ಕಂಕುಳು ಸೇರಿತು. "ಪೂರ್ತಿ ಗುಣ ಆಯ್ತಲ್ಲ, ನಾಳೆ ಡ್ಯೂಟಿಗೆ ಬನ್ನಿ!" ಎನ್ನುತ್ತ ಅವರು ಆಟೋ ಹತ್ತಿದರು. ಉಬ್ಬು ತಗ್ಗಿನ ಬೀದಿಯಲ್ಲಿ ಕುಲುಕುತ್ತ ಆಟೋ ತಿರುವು ದಾಟಿತು.

ಲಕ್ಷ್ಮೀಶ ಚಪ್ಪಡಿಯ ಮೇಲೆ ಕುಸಿದು ಕೂತ. ಸುವರ್ಣಮ್ಮ ಹತ್ತಿರ ಬಂದು ಮೆತ್ತಗೆ ಕೇಳಿದರು:

"ಹೋಗ್ಲಿ ಬಿಡಪ್ಪ, ಬೇಜಾರು ಮಾಡ್ಕಬೇಡ. ಬೇಗ ಇನ್ನೊಂದು ಡ್ರಮ್ಮು ತಂದಿಡು. ನನ್ನ ಮಂಡಿ ಅರ್ಧಕ್ಕೇ ನಿಂತೈತೆ."

ಅವರ ಹಿಂದೆ, ಕೈ ತೊಳೆದುಕೊಂಡು, ಬಳೆ ಬಿಚ್ಚಿಟ್ಟು ನಿಂತವರ ಸಾಲು ಇನ್ನೂ ಕರಗಿರಲಿಲ್ಲ.