ಟೇಪು ಮಾಸ್ತರು ಕಾಲೇಜಿನ ಅಳತೆ ತೆಗೆದದ್ದು

“ಇಪ್ಪತ್ತಾರು ವರ್ಷದಿಂದ ಜನರ ಅಳತೆ ತೆಗೀತಿದ್ದೀನಿ! ಎರಡು ಕಾಲೇಜಿನ ಅಳತೆ ತೆಗೆಯೋದು ಏನು ಮಹಾ?” ಎಂದು ಟೇಪು ಮಾಸ್ತರು ಎದೆಯುಬ್ಬಿಸಿದರು.

ಟೈಲರ್ ಅಂಗಡಿಯ ಯಜಮಾನರಾದ ಅವರ ಕೊರಳಲ್ಲಿ ಊಟದ ಹೊತ್ತಿನಲ್ಲೂ ಟೇಪು ನೇತಾಡುತ್ತಿತ್ತು. ಹೆಸರು ಬಂದದ್ದೇ ಹಾಗೆ. ಮಗಳಿಗೆ ಹೊರರಾಜ್ಯದ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಸರ್ಕಾರಿ, ಇನ್ನೊಂದು ಖಾಸಗಿ. ಪಾಠದಲ್ಲಿ ಎರಡೂ ಸರಿಸಮ. ಚಿಂತೆ ಬೇರೆಯೇ ಇತ್ತು. ಮಗಳು ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಪೈಕಿ. ಹಿಂದಿನ ಎರಡು ವರ್ಷ ಪಿಯುಸಿಯಲ್ಲಿ ಊಟದ ಡಬ್ಬಿಯನ್ನು ಒಬ್ಬಳೇ ಕೂತು ಖಾಲಿ ಮಾಡಿದ್ದಳು. ಗೊತ್ತಿಲ್ಲದ ಊರಲ್ಲೂ ಅದೇ ಗತಿಯಾದರೆ? ಅಪ್ಪನಿಗೆ ಒಳಗೊಳಗೇ ಸಂಕಟ.

“ಅಳತೆ ಹೇಗೆ ತೆಗೀತೀರಿ?” ಎಂದು ಹೆಂಡತಿ ಕೇಳಿದರು.

“ಇವಳು ಕ್ಯಾಂಟೀನಲ್ಲಿ ಒಬ್ಬಳೇ ಕೂರ್ತಾಳೆ. ನಾನು ದೂರದಲ್ಲಿ ಪೇಪರ್ ಮರೆಯಲ್ಲಿ ಗುಪ್ತಚರ! ಎಷ್ಟು ನಿಮಿಷಕ್ಕೆ ಯಾರು ಬಂದು ಮಾತಾಡಿಸ್ತಾರೋ ಬರ್ಕೊಳ್ತೀನಿ.”

“ಅಪ್ಪಾ, ನಾಚಿಕೆಯಾಗುತ್ತೆ,” ಎಂದಳು ಮಗಳು.

“ನೀನು ಸುಮ್ನೆ ಕೂತಿದ್ರೆ ಸಾಕು. ಅದ್ರಲ್ಲಿ ನೀನು ಪಂಡಿತೆ ತಾನೆ!”

ಮೊದಲು ಖಾಸಗಿ ಕಾಲೇಜು. ಗಾಜಿನ ಗೋಡೆ, ಮುಖ ಕಾಣುವ ನೆಲ. ಹನ್ನೊಂದನೇ ನಿಮಿಷಕ್ಕೆ ಒಬ್ಬ ಹುಡುಗಿ ಮಗಳ ಬಳಿಗೆ ಬಂದಳು. ಮಾಸ್ತರು ತಟ್ಟನೆ ಪೆನ್ನು ತೆಗೆದರು! “ಈ ಕುರ್ಚಿ ಖಾಲಿನಾ?” ಎಂದು ಕೇಳಿ, ಕುರ್ಚಿ ಎತ್ತಿಕೊಂಡು ಹೊರಟೇಹೋದಳು. ಮಾಸ್ತರು ತಮ್ಮ ಅಳತೆ ಪುಸ್ತಕದಲ್ಲಿ ದಪ್ಪಗೆ ಸೊನ್ನೆ ಬರೆದು, ಬಂದದ್ದಕ್ಕಾದರೂ ಆಯಿತೆಂದು ಸಭಾಂಗಣದ ಪರದೆಗಳ ಹೊಲಿಗೆ ನೋಡಲು ಹೋದರು. ಅರ್ಧ ಗಂಟೆಯಾದ ಮೇಲೆ ಮಗಳು ಬಾಗಿಲಲ್ಲಿ ಸಿಕ್ಕಳು. ಅವಳು ಏನೋ ಹೇಳಹೊರಟರೆ, “ನಡಿಯಮ್ಮ, ಇಲ್ಲಿ ಮನುಷ್ಯರಿಲ್ಲ, ಬರೀ ಗಾಜು!” ಎಂದು ಬಸ್ಸು ಹತ್ತಿಸಿದರು.

ಮಾರನೇ ದಿನ ಸರ್ಕಾರಿ ಕಾಲೇಜು. ಪೇಪರ್ ಬಿಚ್ಚಿ ಮೂರು ನಿಮಿಷವಾಗಿಲ್ಲ, ಉದ್ದನೆಯ ವಿದ್ಯಾರ್ಥಿಯೊಬ್ಬ ಒಂದೇ ಎಳೆಯಲ್ಲಿ ತೂಗಾಡುವ ಗುಂಡಿಯ ಅಂಗಿ ತೊಟ್ಟು ಎದುರಿಗೇ ಹಾದುಹೋದ. ಗುಪ್ತಚರರು ಹಲ್ಲು ಕಚ್ಚಿ ಸಹಿಸಿದರು. ಅವನು ಟೀ ಹಿಡಿದು ಮತ್ತೆ ಬಂದಾಗ ಸಹನೆ ಕೈಕೊಟ್ಟಿತು.

“ಏಯ್, ನಿಲ್ಲಪ್ಪಾ! ಆ ಗುಂಡಿ ಇನ್ನು ಅರ್ಧ ಗಂಟೆ ಬದುಕಲ್ಲ!”

ಜೇಬಿನಿಂದ ಸೂಜಿ ಹೊರಬಂತು. ಅಷ್ಟೇ! ಹಿಂದೆಯೇ ಹರಿದ ಬ್ಯಾಗು ಬಂತು, ಜಿಪ್ಪು ಕೆಟ್ಟ ಜಾಕೆಟ್ಟು ಬಂತು, ಕೊನೆಗೆ ಇಡೀ ನಾಟಕ ತಂಡವೇ ಓಡಿ ಬಂತು. ಒಂದು ಗಂಟೆಗೆ ಪ್ರದರ್ಶನ, ಮಹಾರಾಜರ ನಿಲುವಂಗಿ ಬೆನ್ನುದ್ದಕ್ಕೂ ಬಾಯಿ ಬಿಟ್ಟಿತ್ತು! “ಅಂಕಲ್, ನೀವೇ ಕಾಪಾಡ್ಬೇಕು!” ಮಾಸ್ತರು ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಾಮ್ರಾಜ್ಯವನ್ನು ಉಳಿಸಿದರು. ಚಪ್ಪಾಳೆ, ನಗು, ಬಿಟ್ಟಿ ಟೀ! ಮಗಳು ಪಕ್ಕದಲ್ಲಿ ನಿಂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಮನೆಗೆ ಬಂದವರೇ ತೀರ್ಪು ಕೊಟ್ಟರು. “ಸರ್ಕಾರಿ ಕಾಲೇಜೇ! ಒಂದೂವರೆ ಗಂಟೆಲಿ ನಲವತ್ತಮೂರು ಜನ! ಎಲ್ರಿಗೂ ಫೋನ್ ನಂಬರ್ ಕೊಟ್ಟು ಬಂದಿದೀನಿ!”

“ಇವಳನ್ನ ಎಷ್ಟು ಜನ ಮಾತಾಡ್ಸಿದ್ರು?” ಹೆಂಡತಿ ಕೇಳಿದರು.

“ಇಬ್ರು,” ಎಂದಳು ಮಗಳು. “ಒಬ್ಬಳು ಕತ್ತರಿ ಕೊಡು ಅಂದ್ಲು. ಇನ್ನೊಬ್ಬ, ಅಂಕಲ್‌ಗೆ ಟೀ ಕೊಡು ಅಂದ.”

ಮಾಸ್ತರು ಅಳತೆ ಪುಸ್ತಕ ತೆಗೆದು ನಲವತ್ತಮೂರನ್ನು ಹೊಡೆದುಹಾಕಿದರು.

“ಆದ್ರೆ ಅಪ್ಪಾ, ಖಾಸಗಿ ಕಾಲೇಜಲ್ಲಿ ನೀನು ಪರದೆ ನೋಡೋಕೆ ಹೋದ್ಯಲ್ಲ, ಆಗ ಪಕ್ಕದ ಮೇಜಲ್ಲಿ ನಾಲ್ಕು ಜನ ಹುಡುಗೀರು ನಗ್ತಾ ಇದ್ರು. ನನ್ನ ಹತ್ರ ಬರೋರು ಯಾರೂ ಕಾಣಲಿಲ್ಲ. ನಾನೇ ಎದ್ದು ಹೋಗಿ, ಇಲ್ಲಿ ಕೂರ್ಲಾ ಅಂದೆ. ಜರುಗಿ ಜಾಗ ಕೊಟ್ರು. ಎಲ್ಲಾ ಸೇರಿ ಬನ್ ತಿಂದ್ವಿ.”

ಇಷ್ಟುದ್ದದ ಮಾತನ್ನು ಮಗಳ ಬಾಯಲ್ಲಿ ಮಾಸ್ತರು ಜನ್ಮದಲ್ಲಿ ಕೇಳಿರಲಿಲ್ಲ. ಕಣ್ಣು ತುಂಬುವಷ್ಟು ಸಂತೋಷವಾಯಿತು; ಅದೂ ತಾವಿಲ್ಲದಾಗಲೇ ಆಯಿತಲ್ಲ ಎಂದು ಚೂರು ಹೊಟ್ಟೆಯುರಿಯೂ ಆಯಿತು.

“ಸರಿ, ಅಲ್ಲಿಗೇ ಸೇರಮ್ಮ,” ಎಂದರು ಮೆಲ್ಲಗೆ. “ಸರ್ಕಾರಿ ಕಾಲೇಜಿಗೆ ಸೀಟು ಬೇಡ ಅಂತ ಹೇಳಿಬಿಡೋಣ.”

ಅಷ್ಟರಲ್ಲಿ ಮಾಸ್ತರ ಫೋನು ಹೊಡೆದುಕೊಂಡಿತು. ಹೆಂಡತಿ ಎತ್ತಿ ಮಾತಾಡಿ, ನಗು ತಡೆಯಲಾರದೆ ಅದನ್ನು ಅವರತ್ತ ಚಾಚಿದರು.

“ಆ ನಾಟಕದೋರು ರೀ! ಮಗಳ ಹೆಸರು ಒಬ್ಬರಿಗೂ ಗೊತ್ತಿಲ್ಲ. ನೀವು ಹಾಸ್ಟೆಲ್‌ಗೆ ಯಾವತ್ತು ಬಂದು ಸೇರ್ತೀರಿ, ಕಿಟಕಿ ಪಕ್ಕದ ಮಂಚ ಹಿಡಿದಿಟ್ಟಿದ್ದೀವಿ ಅಂತಿದಾರೆ!”